ಸೋರ್ಸ್‌ನಿಂದ ಟೆಸರಾಕ್ಟ್ ಬಿಲ್ಡ್ ಮಾಡುವಾಗ ಸಿಗದ ಲೈಬ್ರರಿಗಳನ್ನು ಹುಡುಕುವ ಬಗೆ

ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯವಾಗಿಸುವ ಕೆಲಸಕ್ಕೆ ಕೈ ಹಾಕಿದವರಿಗೆ ಟೆಸರಾಕ್ಟ್ ಹೆಸರು ಗೊತ್ತಿರುತ್ತದೆ. ಎಚ್‌ಪಿ ಕಂಪನಿಯಲ್ಲಿ 1985ರ ಸುಮಾರಿಗೆ ಹುಟ್ಟಿ, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದು, ಆಮೇಲೆ ವರ್ಷಗಟ್ಟಲೆ ಗೂಗಲ್ ಆಸರೆಯಲ್ಲಿ ಬೆಳೆದ ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಅದು. 2018ರಲ್ಲಿ ಬಂದ 4ನೇ ಆವೃತ್ತಿಗೆ ನ್ಯೂರಲ್ ನೆಟ್‌ವರ್ಕ್ ಎಂಜಿನ್ ಸೇರಿತು. 2021ರ ನವೆಂಬರ್‌ನಲ್ಲಿ 5ನೇ ಆವೃತ್ತಿ ಬಂತು. ಆದರೆ ಉಬುಂಟು 22.04 ಬಳಸುವವರು ಪ್ಯಾಕೇಜು ಹಾಕುವ ‘ಆಪ್ಟ್’ ಆಜ್ಞೆಯ ಮೂಲಕ ಹಾಕಿಕೊಂಡರೆ ಸಿಗುವುದು 4.1.1. ಹೊಸದು ಬೇಕಿದ್ದರೆ, ಅಥವಾ ಕೋಡಿಗೆ ನಿಮ್ಮದೇ ತಿದ್ದುಪಡಿ ಸೇರಿಸಬೇಕಿದ್ದರೆ, ಸೋರ್ಸ್‌ನಿಂದಲೇ ಬಿಲ್ಡ್ ಮಾಡಬೇಕು, ಅಂದರೆ ಮೂಲ ಕೋಡನ್ನು ತಂದು ಓಡುವ ಪ್ರೋಗ್ರಾಂ ಆಗಿ ನಾವೇ ಕಟ್ಟಿಕೊಳ್ಳಬೇಕು. ಎಷ್ಟೋ ಮಂದಿ ಕೈಚೆಲ್ಲುವುದು ಅಲ್ಲೇ: ಅದಿಲ್ಲ, ಇದಿಲ್ಲ ಎಂದು ಪರದೆ ತುಂಬ ಸಾಲುಗಳು ಬರುತ್ತವೆ, ಒಂದನ್ನು ಸರಿಮಾಡಿದರೆ ಇನ್ನೊಂದು ಎದ್ದು ನಿಲ್ಲುತ್ತದೆ.

ಇದಕ್ಕೆ ಒಂದು ಕ್ರಮವಿದೆ. ಟೆಸರಾಕ್ಟ್ ಅನ್ನೇ ಉದಾಹರಣೆಯಾಗಿ ಹಿಡಿದು ಅದನ್ನು ಹೇಳುತ್ತೇನೆ. ಆಟೋಟೂಲ್ಸ್ ಎಂಬ ಬಿಲ್ಡ್ ಸಲಕರಣೆಗಳನ್ನು ಬಳಸುವ ಬೇರೆ ಯಾವ ತಂತ್ರಾಂಶಕ್ಕೂ ಇದೇ ದಾರಿ. ಆಜ್ಞೆಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಒಂದೇ ಲೈಬ್ರರಿಗೆ ಐದು ಹೆಸರು

ಗೊಂದಲದ ಬುಡ ಇಲ್ಲಿದೆ, ಆದ್ದರಿಂದ ಮೊದಲು ಇದನ್ನು ಬಿಡಿಸಿಕೊಳ್ಳೋಣ. ಟೆಸರಾಕ್ಟ್‌ಗೆ ಚಿತ್ರಗಳನ್ನು ಓದಿಕೊಡುವುದು ಲೆಪ್ಟೋನಿಕಾ ಎಂಬ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡು. ಉಬುಂಟು 22.04, 24.04 ಮತ್ತು ಡೆಬಿಯನ್ 12, ಈ ಮೂರರಲ್ಲೂ ಇರುವುದು ಅದರ 1.82 ಆವೃತ್ತಿ. ಪ್ರೋಗ್ರಾಂ ಓಡಲು ಬೇಕಾದ ಪ್ಯಾಕೇಜಿನ ಹೆಸರು ‘ಲಿಬ್‌ಲೆಪ್ಟ್5’. ಬಿಲ್ಡ್ ಮಾಡಲು ಬೇಕಾದ ಪ್ಯಾಕೇಜು ‘ಲಿಬ್‌ಲೆಪ್ಟೋನಿಕಾ-ಡೆವ್’. ಲೈಬ್ರರಿ ಎಲ್ಲಿದೆ, ಯಾವ ಆವೃತ್ತಿ ಎಂದು ಹೇಳುವ ಪಿಕೆಜಿ-ಕಾನ್ಫಿಗ್ ಸಾಧನ ಹುಡುಕುವ ಫೈಲು ‘ಲೆಪ್ಟ್ ಡಾಟ್ ಪಿಸಿ’. ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಹುಡುಕುವ ಹೆಡರ್ (ಲೈಬ್ರರಿಯಲ್ಲಿ ಏನೇನಿದೆ ಎಂದು ತಿಳಿಸುವ ಫೈಲು) ‘ಆಲ್‌ಹೆಡರ್ಸ್ ಡಾಟ್ ಎಚ್’. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಕೇಳುವುದು ‘-ಎಲ್‌ಲೆಪ್ಟ್’.

ವಸ್ತು ಒಂದೇ ಆದರೂ ಬಿಲ್ಡ್‌ನ ಒಂದೊಂದು ಹಂತವೂ ತನಗೆ ಗೊತ್ತಿರುವ ಹೆಸರಿನಿಂದ ಕೇಳುತ್ತದೆ. ‘ಆಲ್‌ಹೆಡರ್ಸ್ ಡಾಟ್ ಎಚ್ ಇಲ್ಲ’ ಎಂದಾಗ ಆ ಹೆಸರಿನ ಪ್ಯಾಕೇಜನ್ನು ಆಪ್ಟ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹಾಗಾಗಿ ಯಾವ ದೋಷ ಬಂದರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಹಂತದ ದೂರು? ಅದು ಕೇಳುತ್ತಿರುವ ಫೈಲು ಯಾವುದು? ಆ ಫೈಲು ಯಾವ ಪ್ಯಾಕೇಜಿನಲ್ಲಿದೆ?

ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಸಾಧನ ಆಪ್ಟ್-ಫೈಲ್. ಬಿಲ್ಡ್ ಶುರು ಮಾಡುವ ಮೊದಲೇ ಅದನ್ನು ಹಾಕಿಕೊಳ್ಳಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಆಪ್ಟ್-ಫೈಲ್
ಸುಡೋ ಆಪ್ಟ್-ಫೈಲ್ ಅಪ್‌ಡೇಟ್
ಆಪ್ಟ್-ಫೈಲ್ ಸರ್ಚ್ ಆಲ್‌ಹೆಡರ್ಸ್ ಡಾಟ್ ಎಚ್

ಕೊನೆಯ ಆಜ್ಞೆ ಲಿಬ್‌ಲೆಪ್ಟೋನಿಕಾ-ಡೆವ್ ಎಂದು ನೇರವಾಗಿ ತೋರಿಸುತ್ತದೆ. ನೀವಿನ್ನೂ ಹಾಕಿಕೊಳ್ಳದ ಪ್ಯಾಕೇಜುಗಳ ಒಳಗೂ ಇದು ಹುಡುಕುತ್ತದೆ. ‘ಡಿಪಿಕೆಜಿ -ಎಸ್’ ಹುಡುಕುವುದು ಈಗಾಗಲೇ ಇರುವುದರಲ್ಲಿ ಮಾತ್ರ (ಅಲ್ಲಿನ ಎಸ್ ದೊಡ್ಡಕ್ಷರ). ಫಲಿತಾಂಶ ಉದ್ದವಾದರೆ ಫೈಲಿನ ಹೆಸರು ಶುರುವಾಗುವ ಮೊದಲು ಒಂದು ಓರೆಗೆರೆ ಸೇರಿಸಿ, ಪಟ್ಟಿ ಚಿಕ್ಕದಾಗುತ್ತದೆ. ಫೆಡೋರಾದಲ್ಲಿ ಇದೇ ಕೆಲಸ ಮಾಡುವುದು ‘ಡಿಎನ್‌ಎಫ್ ಪ್ರೊವೈಡ್ಸ್’, ಆರ್ಚ್‌ನಲ್ಲಿ ‘ಪ್ಯಾಕ್‌ಮನ್ -ಎಫ್’ (ಇಲ್ಲಿ ಎಫ್ ದೊಡ್ಡಕ್ಷರ). ಫೆಡೋರಾದ ಬಿಲ್ಡ್ ಪ್ಯಾಕೇಜುಗಳ ಕೊನೆಗೆ ‘-ಡೆವ್’ ಬದಲು ‘-ಡೆವೆಲ್’ ಇರುತ್ತದೆ. ಆರ್ಚ್‌ನಲ್ಲಿ ಓಡಲು ಬೇಕಾದದ್ದು, ಬಿಲ್ಡ್‌ಗೆ ಬೇಕಾದದ್ದು ಎಂದು ಸಾಮಾನ್ಯವಾಗಿ ಬೇರ್ಪಡಿಸುವುದಿಲ್ಲ, ಹೆಡರ್‌ಗಳು ಮೂಲ ಪ್ಯಾಕೇಜಿನಲ್ಲೇ ಬರುತ್ತವೆ.

ಕೈ ಹಾಕುವ ಮುನ್ನ

ಡಿಸ್ಟ್ರೋದ (ಉಬುಂಟು, ಫೆಡೋರಾದಂಥ ಲಿನಕ್ಸ್ ವಿತರಣೆಯ) ಪ್ಯಾಕೇಜ್ ತಂಡದವರು ಇದೇ ತಂತ್ರಾಂಶವನ್ನು ಆಗಲೇ ಬಿಲ್ಡ್ ಮಾಡಿದ್ದಾರೆ, ಏನೇನು ಬೇಕೆಂದು ಬರೆದಿಟ್ಟಿದ್ದಾರೆ. ಅವರ ಶ್ರಮವನ್ನು ಬಳಸಿಕೊಳ್ಳಿ:

ಸುಡೋ ಆಪ್ಟ್ ಬಿಲ್ಡ್-ಡೆಪ್ ಟೆಸರಾಕ್ಟ್-ಓಸಿಆರ್

ಈ ಒಂದೇ ಸಾಲು ಬಹುಪಾಲು ತಲೆನೋವನ್ನು ಮೊದಲೇ ಕಳೆಯುತ್ತದೆ. ಸೋರ್ಸ್ ರೆಪೊಸಿಟರಿ ತೆರೆದಿಲ್ಲವೆಂದು ದೂರು ಬಂದರೆ ಅದನ್ನು ಸಕ್ರಿಯಗೊಳಿಸಿ. ಉಬುಂಟು 24.04ರಲ್ಲಿ ಆ ಸೆಟ್ಟಿಂಗ್ ಜಾಗ ಬದಲಿಸಿದೆ. ‘ಇಟಿಸಿ’ ಫೋಲ್ಡರಿನ ‘ಆಪ್ಟ್’ ಒಳಗಿನ ‘ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ’ಯಲ್ಲಿ ‘ಉಬುಂಟು ಡಾಟ್ ಸೋರ್ಸಸ್’ ಎಂಬ ಫೈಲಿದೆ. ಅದರಲ್ಲಿ ‘ಟೈಪ್ಸ್: ಡೆಬ್’ ಎಂದಿರುವ ಕಡೆ ‘ಡೆಬ್ ಡೆಬ್-ಎಸ್‌ಆರ್‌ಸಿ’ ಎಂದು ಮಾಡಿ, ಆಪ್ಟ್ ಅಪ್‌ಡೇಟ್ ಮಾಡಬೇಕು. ಫೆಡೋರಾದವರಿಗೆ ‘ಡಿಎನ್‌ಎಫ್ ಬಿಲ್ಡ್‌ಡೆಪ್’ ಇದೆ.

ಒಂದು ಮಿತಿ ನೆನಪಿರಲಿ: ಬಿಲ್ಡ್-ಡೆಪ್ ತರುವುದು ಡಿಸ್ಟ್ರೋದಲ್ಲಿರುವ ಆವೃತ್ತಿಗೆ ಬೇಕಾದದ್ದನ್ನು. ನಿಮ್ಮ ಕೈಯಲ್ಲಿರುವ ಹೊಸ ಆವೃತ್ತಿ ಅದರ ಮೇಲೆ ಇನ್ನೊಂದೆರಡು ಕೇಳಬಹುದು. ಅವನ್ನು ತಿಳಿಯಲು ಸೋರ್ಸ್ ಫೋಲ್ಡರಿನ ರೀಡ್‌ಮಿ ಮತ್ತು ಇನ್‌ಸ್ಟಾಲ್ ಫೈಲುಗಳ ಜತೆಗೆ ‘ಡಾಟ್ ಗಿಟ್‌ಹಬ್’ ಒಳಗಿನ ‘ವರ್ಕ್‌ಫ್ಲೋಸ್’ ಫೈಲುಗಳನ್ನೂ ತೆರೆದು ನೋಡಿ. ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷೆಯ ಸೂಚನೆಗಳು ಅವು; ಖಾಲಿ ಯಂತ್ರದ ಮೇಲೆ ಏನೇನು ಹಾಕಬೇಕೆಂಬ ಆಪ್ಟ್ ಸಾಲು ಅಲ್ಲಿ ಇದ್ದದ್ದು ಇದ್ದಂತೆ ಸಿಗುತ್ತದೆ. ರೀಡ್‌ಮಿ ಹಳತಾಗಿರಬಹುದು. ಪರೀಕ್ಷೆಯ ಫೈಲು ಹಳತಾದರೆ ಪರೀಕ್ಷೆಯೇ ಸೋಲುತ್ತದೆ, ಆದ್ದರಿಂದ ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಎಲ್ಲವನ್ನೂ ಸೋರ್ಸ್‌ನಿಂದಲೇ ಮಾಡುವ ಹಟ ಬೇಡ. ಟೆಸರಾಕ್ಟ್ 5 ಕೇಳುವುದು ಲೆಪ್ಟೋನಿಕಾ 1.74 ಅಥವಾ ಅದಕ್ಕಿಂತ ಹೊಸದು. ಡಿಸ್ಟ್ರೋದ 1.82 ಧಾರಾಳ ಸಾಕು. ಬೇಕಾದ ಒಂದನ್ನು ಮಾತ್ರ ಕೈಯಾರೆ ಬಿಲ್ಡ್ ಮಾಡಿ, ಮಿಕ್ಕದ್ದನ್ನು ಡಿಸ್ಟ್ರೋದಿಂದ ತೆಗೆದುಕೊಳ್ಳಿ.

ಆಟೋಜೆನ್ ಹಂತದ ದೂರುಗಳು

ಗಿಟ್‌ನಿಂದ ತಂದ ಕೋಡಿನಲ್ಲಿ ಯಂತ್ರದಲ್ಲಿ ಬೇಕಾದದ್ದೆಲ್ಲ ಇದೆಯೇ ಎಂದು ತಪಾಸಣೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಇರುವುದಿಲ್ಲ. ‘ಆಟೋಜೆನ್ ಡಾಟ್ ಎಸ್‌ಎಚ್’ ಓಡಿಸಿ ಅದನ್ನು ಹುಟ್ಟಿಸಬೇಕು. ಇಲ್ಲಿ ಬೇಕಾಗುವುದು ಸಲಕರಣೆಗಳು:

ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್ ಆಟೋಕಾನ್ಫ್ ಆಟೋಮೇಕ್ ಲಿಬ್‌ಟೂಲ್ ಪಿಕೆಜಿ-ಕಾನ್ಫಿಗ್ ಆಟೋಕಾನ್ಫ್-ಆರ್ಕೈವ್ ಗಿಟ್

‘ಎಸಿಲೋಕಲ್ ಇಲ್ಲ’ ಎಂದರೆ ಆಟೋಮೇಕ್ ಹಾಕಿಲ್ಲ. ‘ಲಿಬ್‌ಟೂಲೈಜ್ ಇಲ್ಲ’ ಎಂದರೆ ಲಿಬ್‌ಟೂಲ್ ಪ್ಯಾಕೇಜು ಬೇಕು. ಇವು ಸುಲಭ. ಕಾಡುವುದು ‘ಪಾಸಿಬ್ಲಿ ಅನ್‌ಡಿಫೈನ್ಡ್ ಮ್ಯಾಕ್ರೊ’ ಎಂಬ ಸಾಲು. ಓದಿದರೆ ಕೋಡಿನಲ್ಲೇ ತಪ್ಪಿದೆ ಎನ್ನಿಸುತ್ತದೆ, ಆದರೆ ಬಹಳ ಸಲ ಪಿಕೆಜಿ-ಕಾನ್ಫಿಗ್ ಅಥವಾ ಆಟೋಕಾನ್ಫ್-ಆರ್ಕೈವ್ ಇಲ್ಲದಿರುವುದೇ ಕಾರಣ. ಆ ಮ್ಯಾಕ್ರೊ ಬರೆದಿರುವ ಫೈಲು ಈ ಪ್ಯಾಕೇಜುಗಳಲ್ಲಿದೆ. ‘ಪಿಕೆಜಿ’ ಎಂದು ಶುರುವಾಗುವ ಮ್ಯಾಕ್ರೊ ಮೊದಲನೆಯದರದ್ದು, ‘ಎಎಕ್ಸ್’ ಎಂದು ಶುರುವಾಗುವುದು ಎರಡನೆಯದರದ್ದು. ಪ್ಯಾಕೇಜು ಹಾಕಿದ ಮೇಲೆ ಆಟೋಜೆನ್ ಅನ್ನು ಮತ್ತೆ ಓಡಿಸಲೇಬೇಕು, ಹಳೆಯ ಕಾನ್ಫಿಗರ್ ಇಟ್ಟುಕೊಂಡು ಮುಂದೆ ಹೋದರೆ ಅದೇ ದೋಷ ಮರುಕಳಿಸುತ್ತದೆ.

ಕಾನ್ಫಿಗರ್: ನಿಂತರೆ ಒಂದು ಪಾಡು, ನಿಲ್ಲದಿದ್ದರೆ ಇನ್ನೊಂದು

ಬಿಲ್ಡ್‌ಗೆಂದೇ ಬೇರೆ ಫೋಲ್ಡರ್ ಮಾಡಿಕೊಂಡು, ಅದರೊಳಗಿಂದ ಒಂದು ಹಂತ ಮೇಲಿರುವ ಕಾನ್ಫಿಗರ್ ಅನ್ನು ಓಡಿಸಿ. ಏನಾದರೂ ಕೆಟ್ಟರೆ ಆ ಫೋಲ್ಡರನ್ನು ಅಳಿಸಿ ಹೊಸದಾಗಿ ಶುರು ಮಾಡಬಹುದು, ಸೋರ್ಸ್ ಶುದ್ಧವಾಗಿಯೇ ಉಳಿಯುತ್ತದೆ.

ಕಾನ್ಫಿಗರ್ ದೋಷ ಕೊಟ್ಟು ನಿಂತರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಲೆಪ್ಟೋನಿಕಾ ಸಿಗದಿದ್ದಾಗ ಟೆಸರಾಕ್ಟ್‌ನ ಕಾನ್ಫಿಗರ್ ‘1.74 ಅಥವಾ ಹೊಸದು ಬೇಕು, ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ ನೋಡಿ’ ಎಂದು ಇಂಗ್ಲಿಷ್‌ನಲ್ಲಿ ತಿಳಿಸಿಯೇ ನಿಲ್ಲುತ್ತದೆ. ಎಲ್ಲ ತಂತ್ರಾಂಶಗಳಿಗೂ ಅಷ್ಟು ಸೌಜನ್ಯ ಇರುವುದಿಲ್ಲ. ಹೇಳದಿದ್ದರೆ ಪಿಕೆಜಿ-ಕಾನ್ಫಿಗ್ ಅನ್ನೇ ನೇರವಾಗಿ ಕೇಳಿ:

ಪಿಕೆಜಿ-ಕಾನ್ಫಿಗ್ --ಮಾಡ್‌ವರ್ಷನ್ ಲೆಪ್ಟ್

ಆವೃತ್ತಿಯ ಸಂಖ್ಯೆ ಬಂದರೆ ಲೈಬ್ರರಿ ಇದೆ, ಅದು ಸಾಕಷ್ಟು ಹೊಸದೇ ಎಂದು ಮಾತ್ರ ನೋಡಬೇಕು. ಸಿಗಲಿಲ್ಲವೆಂದರೆ ಡೆವ್ ಪ್ಯಾಕೇಜು ಇಲ್ಲ, ಅಥವಾ ಪಿಸಿ ಫೈಲು ಅದು ಹುಡುಕದ ಜಾಗದಲ್ಲಿದೆ. ಎರಡನೆಯದು ಆಗುವುದು ಲೈಬ್ರರಿಯನ್ನು ನೀವೇ ಬಿಲ್ಡ್ ಮಾಡಿ ಬೇರೆ ಕಡೆ ಹಾಕಿದ್ದಾಗ. ಆಗ ‘ಪಿಕೆಜಿ_ಕಾನ್ಫಿಗ್_ಪಾತ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಪೂರ್ತಿ ದೊಡ್ಡಕ್ಷರ) ಆ ಪಿಸಿ ಫೈಲು ಇರುವ ಫೋಲ್ಡರಿನ ದಾರಿ ಕೊಟ್ಟು, ಕಾನ್ಫಿಗರ್ ಮತ್ತೆ ಓಡಿಸಿ.

ಇಷ್ಟಕ್ಕೂ ಗುಟ್ಟು ಬಿಡಲಿಲ್ಲವೆಂದರೆ ಅದೇ ಫೋಲ್ಡರಿನಲ್ಲಿರುವ ‘ಕಾನ್ಫಿಗ್ ಡಾಟ್ ಲಾಗ್’ ತೆರೆಯಿರಿ. ನೇರ ಕೊನೆಗೆ ಹೋಗಬೇಡಿ, ಕೊನೆಯ ನೂರಾರು ಸಾಲುಗಳು ಬರೀ ವೇರಿಯಬಲ್‌ಗಳ ಪಟ್ಟಿ. ಪರದೆಯ ಮೇಲೆ ಬಂದ ದೋಷದ ಮಾತನ್ನೇ ಅದರಲ್ಲಿ ಹುಡುಕಿ, ಸಿಕ್ಕ ಜಾಗದಿಂದ ಮೇಲಕ್ಕೆ ಓದಿ. ಕಾನ್ಫಿಗರ್ ಒಂದು ಪುಟ್ಟ ಪ್ರೋಗ್ರಾಂ ಬರೆದು ಕಂಪೈಲ್ ಮಾಡಿ ನೋಡಿರುತ್ತದೆ. ಆ ಕಂಪೈಲರ್ ಏನೆಂದು ಬೈದಿತ್ತು ಎಂಬುದು ಅಲ್ಲಿ ಪೂರ್ತಿ ಇರುತ್ತದೆ. ‘ಲೈಬ್ರರಿ ಎಕ್ಸ್ ಇಲ್ಲ’ ಎಂದು ಪರದೆಯಲ್ಲಿ ಬಂದದ್ದಕ್ಕೆ ನಿಜವಾದ ಕಾರಣ, ಆ ಎಕ್ಸ್ ಅವಲಂಬಿಸಿರುವ ವೈ ಇಲ್ಲದಿರುವುದು ಎಂದು ಲಾಗ್ ತೋರಿಸಿಕೊಡುವುದುಂಟು.

ಕೆಲವೊಮ್ಮೆ ಕಾಣೆಯಾದದ್ದು ಪ್ಯಾಕೇಜೇ ಅಲ್ಲ, ಕಂಪೈಲರ್ ಹಳೆಯದು. ಟೆಸರಾಕ್ಟ್ 5ಕ್ಕೆ ಸಿ++17 ಬೇಕು. ಉಬುಂಟು 18.04ರ ಜಿಸಿಸಿ 7ರಲ್ಲಿ ಅದರ ಫೈಲ್‌ಸಿಸ್ಟಮ್ ಭಾಗ ಪ್ರಾಯೋಗಿಕ ರೂಪದಲ್ಲಿ ಮಾತ್ರ ಇತ್ತು, ಜಿಸಿಸಿ 8ರಲ್ಲಿ ಅದು ನಿಜವಾಗಿ ಬಂತು. ಅಂಥ ಯಂತ್ರದಲ್ಲಿ ಎಷ್ಟು ಡೆವ್ ಪ್ಯಾಕೇಜು ಸುರಿದರೂ ಉಪಯೋಗವಿಲ್ಲ, ಕಂಪೈಲರ್ ಬದಲಿಸಬೇಕು.

ಇನ್ನು ಕಾನ್ಫಿಗರ್ ನಿಲ್ಲದೆ ಮುಗಿದಾಗಿನ ಮಾತು. ನನಗೆ ಹೆಚ್ಚು ಕಾಳಜಿ ಇರುವುದು ಇದರ ಬಗ್ಗೆಯೇ, ಏಕೆಂದರೆ ಕನ್ನಡದ ಕೆಲಸಕ್ಕೆ ಏಟು ಬೀಳುವುದು ಇಲ್ಲಿ. ಟೆಸರಾಕ್ಟ್‌ಗೆ ಕನ್ನಡ ಕಲಿಸುವ ಟ್ರೈನಿಂಗ್ ಸಲಕರಣೆಗಳಿಗೆ ಐಸಿಯು, ಪ್ಯಾಂಗೊ, ಕೈರೊ ಎಂಬ ಮೂರು ಲೈಬ್ರರಿ ಬೇಕು. ಇವು ಇಲ್ಲದಿದ್ದರೆ ಕಾನ್ಫಿಗರ್ ನಿಲ್ಲುವುದಿಲ್ಲ. ‘ಟ್ರೈನಿಂಗ್ ಟೂಲ್ಸ್ ಬಿಲ್ಡ್ ಆಗುವುದಿಲ್ಲ’ ಎಂಬ ಒಂದು ಎಚ್ಚರಿಕೆ ಕೊಟ್ಟು, ನೂರಾರು ಸಾಲುಗಳ ನಡುವೆ ಅದನ್ನು ಹಾಯಿಸಿಬಿಟ್ಟು, ಮುಂದೆ ಹೋಗುತ್ತದೆ. ಆಮೇಲೆ ಓಡಿಸುವ, ಕೋಡನ್ನು ಕಂಪೈಲ್ ಮಾಡಿಸುವ ‘ಮೇಕ್’ ಆಜ್ಞೆ ಸಲೀಸಾಗಿ ಮುಗಿಯುತ್ತದೆ. ಟೆಸರಾಕ್ಟ್ ಓಡುತ್ತದೆ. ಯಾವತ್ತೋ ಒಂದು ದಿನ ‘ಮೇಕ್ ಟ್ರೈನಿಂಗ್’ ಎಂದಾಗ ಮಾತ್ರ, ಕಾನ್ಫಿಗರ್ ಮತ್ತೆ ಮಾಡಬೇಕೆಂಬ ಉತ್ತರ ಬರುತ್ತದೆ.

ಪಠ್ಯವನ್ನು ಚಿತ್ರವಾಗಿಸಿ ತರಬೇತಿಗೆ ಒದಗಿಸುವ ‘ಟೆಕ್ಸ್ಟ್2ಇಮೇಜ್’ ಪ್ರೋಗ್ರಾಂ ಕನ್ನಡದ ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವುದು ಪ್ಯಾಂಗೊ ಮೂಲಕ. ಪ್ಯಾಂಗೊ ಇಲ್ಲದ ಬಿಲ್ಡ್ ನಮ್ಮ ಭಾಷೆಗೆ ಅರ್ಧ ಬಿಲ್ಡ್. ಆದ್ದರಿಂದ ಮೊದಲೇ ಹಾಕಿಕೊಳ್ಳಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಲಿಬ್‌ಐಸಿಯು-ಡೆವ್ ಲಿಬ್‌ಪ್ಯಾಂಗೊ1.0-ಡೆವ್ ಲಿಬ್‌ಕೈರೊ2-ಡೆವ್

ಕಾನ್ಫಿಗರ್ ಮುಗಿದ ಕೂಡಲೇ ಅದರ ಕೊನೆಯ ಕೆಲವು ಸಾಲುಗಳನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಟ್ರೈನಿಂಗ್ ಸಲಕರಣೆ ಕಟ್ಟಲು ಬರುತ್ತದೋ ಇಲ್ಲವೋ ಎಂದು ಅಲ್ಲಿ ಬರೆದಿರುತ್ತದೆ. ಆಮೇಲೆ ಕಾನ್ಫಿಗ್ ಡಾಟ್ ಲಾಗ್‌ನಲ್ಲಿ ‘ವಾರ್ನಿಂಗ್’ ಎಂದು ಹುಡುಕಿ, ಒಂದೊಂದನ್ನೂ ನೋಡಿ. ಎಲ್ಲ ಎಚ್ಚರಿಕೆಗೂ ಹೆದರಬೇಕಿಲ್ಲ. ಆಸ್ಕಿಡಾಕ್ ಇಲ್ಲದಿದ್ದರೆ ಮ್ಯಾನ್ಯುಅಲ್ ಪುಟಗಳು ತಯಾರಾಗುವುದಿಲ್ಲ, ಅಷ್ಟೇ. ಲಿಬ್‌ಕರ್ಲ್ ಇಲ್ಲದಿದ್ದರೆ ಚಿತ್ರದ ವೆಬ್ ವಿಳಾಸವನ್ನು ನೇರ ಕೊಡಲಾಗದು, ಅದೂ ನಡೆಯುತ್ತದೆ. ಯಾವುದು ನಿಮಗೆ ಬೇಕು, ಯಾವುದು ಬೇಡ ಎಂದು ಇಲ್ಲೇ ತೀರ್ಮಾನಿಸಿ.

ಮೇಕ್ ಹಂತ: ಕೊನೆಯ ಸಾಲನ್ನು ನಂಬಬೇಡಿ

ಕಾನ್ಫಿಗರ್ ಸರಿಯಾಗಿ ತಪಾಸಣೆ ಮಾಡಿದ್ದರೆ ಮೇಕ್‌ನಲ್ಲಿ ಕೊರತೆ ಕಾಣಬಾರದು, ಆದರೂ ಕಾಣುತ್ತದೆ. ‘ಮೇಕ್ -ಜೆ8’ ಎಂದು ಎಂಟು ಕೆಲಸ ಒಟ್ಟಿಗೆ ಓಡಿಸಿದಾಗ ಅವುಗಳ ಮಾತೆಲ್ಲ ಕಲಸಿಹೋಗಿ, ಮೂಲ ದೋಷ ಎಲ್ಲೋ ಮೇಲೆ ಉಳಿದಿರುತ್ತದೆ. ಕೊನೆಯಲ್ಲಿ ಕಾಣುವ ‘ಎರರ್ 1’, ‘ಎರರ್ 2’ ಸಾಲುಗಳು ಅದರ ಪರಿಣಾಮ ಮಾತ್ರ. ಜೆ ಇಲ್ಲದೆ ಬರೀ ‘ಮೇಕ್’ ಅನ್ನು ಇನ್ನೊಮ್ಮೆ ಓಡಿಸಿದರೆ ನಿಲ್ಲುವ ಜಾಗದಲ್ಲೇ ಮೊದಲ ದೋಷ ಸಿಗುತ್ತದೆ. ಯಾರನ್ನಾದರೂ ಸಹಾಯ ಕೇಳುವುದಿದ್ದರೂ ಆ ಮೊದಲ ದೋಷವನ್ನೇ ಕೊಡಿ.

‘ಫೇಟಲ್ ಎರರ್’ ಎಂದು ಒಂದು ಡಾಟ್ ಎಚ್ ಫೈಲಿನ ಹೆಸರು ಬಂದರೆ ಹೆಡರ್ ಇಲ್ಲ, ಆಪ್ಟ್-ಫೈಲ್‌ಗೆ ಹೋಗಿ. ‘ಎಲ್‌ಡಿ: ಕೆನಾಟ್ ಫೈಂಡ್ -ಎಲ್‌ಲೆಪ್ಟ್’ ಎಂದರೆ ದೂರು ಲಿಂಕರ್‌ನದ್ದು. ‘ಲಿಬ್‌ಲೆಪ್ಟ್5 ಹಾಕಿದ್ದೇನಲ್ಲ, ಮತ್ತೇಕೆ ಸಿಗುತ್ತಿಲ್ಲ?’ ಎಂದು ಕೇಳುವವರು ಬಹಳ. ಓಡುವ ಪ್ಯಾಕೇಜಿನಲ್ಲಿರುವುದು ‘ಲಿಬ್‌ಲೆಪ್ಟ್ ಡಾಟ್ ಎಸ್‌ಒ ಡಾಟ್ 5’. ಲಿಂಕರ್ ಹುಡುಕುವುದು ಸಂಖ್ಯೆಯಿಲ್ಲದ ‘ಲಿಬ್‌ಲೆಪ್ಟ್ ಡಾಟ್ ಎಸ್‌ಒ’. ಆ ಹೆಸರಿನ ಕೊಂಡಿ ಬರುವುದು ಡೆವ್ ಪ್ಯಾಕೇಜಿನಲ್ಲಿ. ಬಿಲ್ಡ್‌ಗೆ ಡೆವ್ ಏಕೆ ಬೇಕೇಬೇಕು ಎಂಬುದಕ್ಕೆ ಕಾರಣ ಇದೇ.

‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂದು ಬಂದರೆ ಮಾತ್ರ ಹೊಸ ಪ್ಯಾಕೇಜು ಹಾಕಲು ಓಡಬೇಡಿ. ಬಹುಪಾಲು ಸಂದರ್ಭಗಳಲ್ಲಿ ಲೈಬ್ರರಿ ಸಿಕ್ಕಿರುತ್ತದೆ, ಹೆಡರ್ ಒಂದು ಆವೃತ್ತಿಯದು, ಲೈಬ್ರರಿ ಇನ್ನೊಂದರದು ಆಗಿರುತ್ತದೆ. ಹಿಂದೊಮ್ಮೆ ನೀವೇ ಬಿಲ್ಡ್ ಮಾಡಿದ್ದ ಹಳೆಯ ಲೆಪ್ಟೋನಿಕಾ ‘ಯುಎಸ್‌ಆರ್’ ಫೋಲ್ಡರಿನ ‘ಲೋಕಲ್’ ಒಳಗೆ ಉಳಿದಿದೆಯೇ ನೋಡಿ. ಇದ್ದರೆ, ಅದರ ಬಿಲ್ಡ್ ಫೋಲ್ಡರಿನಿಂದ ‘ಸುಡೋ ಮೇಕ್ ಅನ್‌ಇನ್‌ಸ್ಟಾಲ್’ ಮಾಡಿ ತೆಗೆಯಿರಿ. ಇನ್‌ಸ್ಟಾಲ್ ಆದ ಮೇಲೂ ಬಿಲ್ಡ್ ಫೋಲ್ಡರನ್ನು ಉಳಿಸಿಕೊಳ್ಳಿ ಎನ್ನುವುದು ಇದಕ್ಕೇ.

ಬಿಲ್ಡ್ ಆಯಿತು, ಓಡುತ್ತಿಲ್ಲ

‘ಸುಡೋ ಮೇಕ್ ಇನ್‌ಸ್ಟಾಲ್’ ಆದ ಮೇಲೆ ಟೆಸರಾಕ್ಟ್ ಎಂದರೆ, ‘ಲಿಬ್‌ಟೆಸರಾಕ್ಟ್ ಡಾಟ್ ಎಸ್‌ಒ ಡಾಟ್ 5’ ತೆರೆಯಲಾಗಲಿಲ್ಲ ಎಂಬ ಉತ್ತರ ಬರಬಹುದು. ಫೈಲು ಯುಎಸ್‌ಆರ್ ಲೋಕಲ್‌ನ ‘ಲಿಬ್’ ಒಳಗೆ ಇದೆ, ವ್ಯವಸ್ಥೆಯ ಪಟ್ಟಿಗೆ ಅದರ ಸುದ್ದಿ ಮುಟ್ಟಿಲ್ಲ. ‘ಸುಡೋ ಎಲ್‌ಡಿಕಾನ್ಫಿಗ್’ ಮಾಡಿ. ಡೆಬಿಯನ್, ಉಬುಂಟುಗಳಲ್ಲಿ ಇಷ್ಟೇ ಸಾಕು. ಆ ಫೋಲ್ಡರ್ ಪಟ್ಟಿಯಲ್ಲಿಲ್ಲದ ಡಿಸ್ಟ್ರೋಗಳಲ್ಲಿ ‘ಇಟಿಸಿ’ ಒಳಗಿನ ‘ಎಲ್‌ಡಿ ಡಾಟ್ ಎಸ್‌ಒ ಡಾಟ್ ಕಾನ್ಫ್ ಡಾಟ್ ಡಿ’ಯಲ್ಲಿ ಒಂದು ಫೈಲು ಮಾಡಿ, ದಾರಿಯನ್ನು ಬರೆದು, ಆಮೇಲೆ ಎಲ್‌ಡಿಕಾನ್ಫಿಗ್ ಮಾಡಬೇಕು. ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ತಿಳಿಯಲು ‘ಎಲ್‌ಡಿಡಿ’ಗೆ ಪ್ರೋಗ್ರಾಂನ ಪೂರ್ತಿ ದಾರಿ ಕೊಡಿ, ‘ನಾಟ್ ಫೌಂಡ್’ ಎಂದು ಎದುರಿಗೇ ತೋರಿಸುತ್ತದೆ.

4ನೇ ಸಂಖ್ಯೆಯ ಲೈಬ್ರರಿಗೆ 5 ಎಂಬ ಹೆಸರಿನ ಕೊಂಡಿ ಹಾಕಿ ಮುಗಿಸಿ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಸಂಖ್ಯೆ ಬದಲಾಗಿರುವುದೇ ಎರಡೂ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲಲಾರವು ಎಂದು ತಿಳಿಸಲು. ಪ್ರೋಗ್ರಾಂ ಓಡಿದಂತೆ ಕಂಡು, ನಡುವೆ ಎಲ್ಲೋ ಕುಸಿಯುತ್ತದೆ.

ಇನ್ನೊಂದು ಕೊರತೆ ಇನ್ನೂ ಆಳದಲ್ಲಿ ಅಡಗಿರುತ್ತದೆ. ಲೆಪ್ಟೋನಿಕಾವನ್ನು ನೀವೇ ಬಿಲ್ಡ್ ಮಾಡಿದ್ದು, ಆಗ ಲಿಬ್‌ಪಿಎನ್‌ಜಿ-ಡೆವ್ ಇಲ್ಲದಿದ್ದರೆ, ಅದು ಪಿಎನ್‌ಜಿ ಓದುವ ಭಾಗವನ್ನು ಖಾಲಿ ಬಿಟ್ಟು ಬಿಲ್ಡ್ ಆಗಿರುತ್ತದೆ. ಟೆಸರಾಕ್ಟ್‌ಗೆ ಪಿಎನ್‌ಜಿ ಕೊಟ್ಟಾಗ ‘ಫಂಕ್ಷನ್ ನಾಟ್ ಪ್ರೆಸೆಂಟ್’ ಎನ್ನುತ್ತದೆ. ಸ್ಕ್ಯಾನರ್‌ಗಳು ಕೊಡುವ ಟಿಫ್ ಫೈಲುಗಳಿಗೂ ಇದೇ ಗತಿ. ಪರೀಕ್ಷಿಸಲು ‘ಟೆಸರಾಕ್ಟ್ --ವರ್ಷನ್’ ಎನ್ನಿ. ಲೆಪ್ಟೋನಿಕಾ ಆವೃತ್ತಿಯ ಕೆಳಗಿನ ಸಾಲಿನಲ್ಲಿ ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಹೆಸರುಗಳು ಇರಬೇಕು. ಇಲ್ಲದಿದ್ದರೆ ಟೆಸರಾಕ್ಟ್ ಅನ್ನು ಎಷ್ಟು ಸಲ ಬಿಲ್ಡ್ ಮಾಡಿದರೂ ಫಲವಿಲ್ಲ. ಆ ಡೆವ್ ಪ್ಯಾಕೇಜುಗಳನ್ನು ಹಾಕಿ ಲೆಪ್ಟೋನಿಕಾವನ್ನೇ ಹೊಸದಾಗಿ ಕಾನ್ಫಿಗರ್ ಮಾಡಿ ಬಿಲ್ಡ್ ಮಾಡಬೇಕು. ಅಥವಾ ಅದನ್ನು ತೆಗೆದುಹಾಕಿ ಡಿಸ್ಟ್ರೋದ್ದನ್ನೇ ಬಳಸಿ. ನಾನು ಹೇಳುವುದು ಎರಡನೆಯದನ್ನೇ.

ಆವೃತ್ತಿ ಇನ್ನೂ 4.1.1 ಎಂದೇ ಬಂದರೆ ಓಡುತ್ತಿರುವುದು ಡಿಸ್ಟ್ರೋದ ಹಳೆಯ ಟೆಸರಾಕ್ಟ್. ‘ವಿಚ್ ಟೆಸರಾಕ್ಟ್’ ಎಂದು ಕೇಳಿ. ಯುಎಸ್‌ಆರ್ ಲೋಕಲ್‌ನ ದಾರಿ ತೋರಿಸಿದರೂ ಹಳೆಯದೇ ಓಡುತ್ತಿದ್ದರೆ, ಶೆಲ್ ಹಳೆಯ ದಾರಿಯನ್ನು ನೆನಪಿಟ್ಟುಕೊಂಡಿದೆ. ‘ಹ್ಯಾಶ್ -ಆರ್’ ಮಾಡಿ, ಇಲ್ಲವೇ ಹೊಸ ಟರ್ಮಿನಲ್ ತೆರೆಯಿರಿ.

ಕನ್ನಡದ ಡೇಟಾ

ಎಲ್ಲ ಲೈಬ್ರರಿ ಸಿಕ್ಕಮೇಲೂ ‘ಕೆಎಎನ್’ (ಟೆಸರಾಕ್ಟ್‌ನಲ್ಲಿ ಕನ್ನಡದ ಸಂಕೇತ) ಭಾಷೆಯನ್ನು ತೆರೆಯಲಾಗಲಿಲ್ಲ ಎಂದು ಬರುತ್ತದೆ. ಅವಲಂಬನೆ ಎಂದರೆ ಲೈಬ್ರರಿ ಮಾತ್ರವೇ ಆಗಬೇಕಿಲ್ಲ, ಡೇಟಾ ಫೈಲೂ ಹೌದು. ‘ಟೆಸರಾಕ್ಟ್-ಓಸಿಆರ್-ಕೆಎಎನ್’ ಪ್ಯಾಕೇಜು ಹಾಕಿದ್ದರೂ ಇದೇ ದೋಷ ಬರಬಹುದು. ಡಿಸ್ಟ್ರೋ ತನ್ನ ಡೇಟಾವನ್ನು ಯುಎಸ್‌ಆರ್ ಶೇರ್‌ನ ‘ಟೆಸರಾಕ್ಟ್-ಓಸಿಆರ್’ ಫೋಲ್ಡರಿನೊಳಗೆ ಇಡುತ್ತದೆ. ನೀವು ಬಿಲ್ಡ್ ಮಾಡಿದ್ದು ಹುಡುಕುವುದು ಯುಎಸ್‌ಆರ್ ಲೋಕಲ್ ಶೇರ್‌ನ ‘ಟೆಸ್‌ಡೇಟಾ’ದಲ್ಲಿ. ‘ಕೆಎಎನ್ ಡಾಟ್ ಟ್ರೇನ್ಡ್‌ಡೇಟಾ’ ಫೈಲನ್ನು ಅಲ್ಲಿಗೆ ನಕಲು ಮಾಡಿ, ಅಥವಾ ‘ಟೆಸ್‌ಡೇಟಾ_ಪ್ರಿಫಿಕ್ಸ್’ ವೇರಿಯಬಲ್‌ಗೆ (ಪೂರ್ತಿ ದೊಡ್ಡಕ್ಷರ) ಫೈಲು ಇರುವ ಫೋಲ್ಡರ್ ಕೊಡಿ. ‘ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್’ ಎಂದಾಗ ಕೆಎಎನ್ ಕಾಣಬೇಕು.

ಗಿಟ್‌ಹಬ್‌ನಿಂದ ಇಳಿಸಿಕೊಳ್ಳುವವರು ಮೂಲ ಫೈಲನ್ನೇ ಇಳಿಸಿಕೊಳ್ಳಿ. ಅದನ್ನು ತೋರಿಸುವ ಎಚ್‌ಟಿಎಂಎಲ್ ಪುಟವನ್ನು ಉಳಿಸಿಕೊಂಡರೆ ಹೆಸರು ಸರಿಯಿದ್ದರೂ ಅದು ತೆರೆಯದು. ಅನುಮಾನವಿದ್ದರೆ ‘ಫೈಲ್’ ಆಜ್ಞೆ ಓಡಿಸಿ ನೋಡಿ. ಬರೀ ಓದಿಸಲು ‘ಫಾಸ್ಟ್’ ಡೇಟಾ ಸಾಕು. ಇರುವ ಕನ್ನಡ ಮಾದರಿಯನ್ನು ಮುಂದಕ್ಕೆ ತರಬೇತಿ ಮಾಡುವ ಯೋಚನೆ ಇದ್ದರೆ ‘ಬೆಸ್ಟ್’ ಡೇಟಾವೇ ಬೇಕು, ಫಾಸ್ಟ್‌ನ ಮೇಲೆ ತರಬೇತಿ ನಡೆಯುವುದಿಲ್ಲ. ತರಬೇತಿಗೆ ಕನ್ನಡದ ಫಾಂಟುಗಳೂ ಬೇಕು: ಲೋಹಿತ್ ಕನ್ನಡ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಪ್ಯಾಕೇಜಿನಲ್ಲಿದೆ, ನೋಟೊ ಕನ್ನಡ ‘ಫಾಂಟ್ಸ್-ನೋಟೊ-ಕೋರ್’ನಲ್ಲಿದೆ. ‘ಎಫ್‌ಸಿ-ಲಿಸ್ಟ್’ ತೋರಿಸುವ ಹೆಸರನ್ನೇ ಅಕ್ಷರ ತಪ್ಪದೆ ಟೆಕ್ಸ್ಟ್2ಇಮೇಜ್‌ಗೆ ಕೊಡಿ.

ಇಷ್ಟಾದ ಮೇಲೆ ಒಂದು ಪುಟ ಓದಿಸಿ ನೋಡಿ:

ಟೆಸರಾಕ್ಟ್ ಪುಟ.ಪಿಎನ್‌ಜಿ ಫಲ -ಎಲ್ ಕೆಎಎನ್

ನಡುವೆ ಇಂಗ್ಲಿಷ್ ಪದಗಳಿರುವ ಪುಟವಾದರೆ ‘ಕೆಎಎನ್+ಇಎನ್‌ಜಿ’ ಎಂದು ಕೊಡಬೇಕು, ಅದಕ್ಕೆ ಇಂಗ್ಲಿಷ್ ಡೇಟಾ ಫೈಲೂ ಅದೇ ಫೋಲ್ಡರಿನಲ್ಲಿರಬೇಕು.